ಆರು ವರ್ಷದ ಸೋಪು

ಒಂದು ಸೋಪು ತರಲು ಹೋದ ಗಂಡ ಟೆಂಪೊ ಮಾಡಿಕೊಂಡು ವಾಪಸು ಬಂದರೆ ಹೆಂಡತಿಯಾದವಳು ಏನು ಹೇಳಬೇಕು ಎಂಬುದಕ್ಕೆ ಲೋಕದಲ್ಲಿ ಇನ್ನೂ ಒಂದು ಪದ್ಧತಿ ಏರ್ಪಟ್ಟಿಲ್ಲ. ಹಾಗಾಗಿ ಸ್ಟೋರ್‌ಕೀಪರನ ಹೆಂಡತಿ ಏನೂ ಹೇಳಲಿಲ್ಲ. ಸೌಟು ಹಿಡಿದ ಕೈಯಲ್ಲೇ ಬಾಗಿಲಿಗೆ ಬಂದು, ಟೆಂಪೊದಿಂದ ರಟ್ಟಿನ ಪೆಟ್ಟಿಗೆಗಳು ಒಂದೊಂದಾಗಿ ಇಳಿಯುವುದನ್ನು ನೋಡುತ್ತ ನಿಂತಳು. ಹದಿನೆಂಟರ ತನಕ ಎಣಿಸಿದಳು. ಅವು ಬರೀ ಸೋಪು. ಟೂತ್‌ಪೇಸ್ಟಿನ ಪೆಟ್ಟಿಗೆಗಳು ಆಮೇಲೆ ಇಳಿದವು, ಶಾಂಪೂ ಕೊನೆಗೆ.

“ಅರ್ಧ ಬೆಲೆ!” ಎಂದ ಸ್ಟೋರ್‌ಕೀಪರ್, ಯುದ್ಧ ಗೆದ್ದು ಬಂದವನ ದನಿಯಲ್ಲಿ. “ಅಂಗಡಿಯವನು ಬೇರೆ ಊರಿಗೆ ಹೋಗ್ತಿದಾನೆ. ಇವತ್ತೇ ಕೊನೇ ದಿನ.”

“ಎಷ್ಟು ಸೋಪಿದೆ?”

“ನಾನೂರ ಮೂವತ್ತೆರಡು.”

“ನಾನು ಎಷ್ಟು ಹೇಳಿದ್ದೆ?”

“ನೀನು ಒಂದು ಹೇಳಿದ್ದೆ. ಅದೂ ಇದರಲ್ಲೇ ಇದೆ.”

ಈ ಮನುಷ್ಯ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್‌ಕೀಪರ್. ವಾಲ್ವು, ವಾಷರು, ಪೈಪಿನ ಜಾಯಿಂಟು, ಬ್ಲೀಚಿಂಗ್ ಪುಡಿ ಇವುಗಳನ್ನು ಎಣಿಸಿ, ಬರೆದು, ಬೀಗ ಹಾಕುವುದು ಅವನ ಕೆಲಸ. ಕಚೇರಿಯವರು ಅವನಿಗೆ ದಾಸ್ತಾನಪ್ಪ ಎಂದು ಹೆಸರಿಟ್ಟಿದ್ದರು. ಅದನ್ನವನು ಬಿರುದೆಂದು ತಿಳಿದಿದ್ದ. ಯಾವ ವಸ್ತುವನ್ನು ಯಾವಾಗ, ಎಷ್ಟು ತಂದಿಡಬೇಕು ಎಂಬುದು ಒಂದು ಶಾಸ್ತ್ರ, ಆ ಶಾಸ್ತ್ರ ತನ್ನೊಬ್ಬನಿಗೇ ಕರಗತ ಎಂದು ಅವನ ಖಚಿತ ನಂಬಿಕೆ.

ಆರು ತಿಂಗಳಿಂದ ಅವನು ಈ ಶಾಸ್ತ್ರವನ್ನು ಮನೆಗೂ ವಿಸ್ತರಿಸಿದ್ದ. ಟೂತ್‌ಪೇಸ್ಟಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ವಾರ ವಾರ ಗುರುತು ಹಾಕುತ್ತಿದ್ದ. ಬೆಳಗೆದ್ದು ಬಚ್ಚಲಿನ ಸೋಪನ್ನು ಬಟ್ಟೆಯಲ್ಲಿ ಒರೆಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದ.

“ನಿನ್ನೆಯಿಂದ ಇವತ್ತಿಗೆ ಹನ್ನೊಂದು ಗ್ರಾಂ ಇಳಿದಿದೆ. ಯಾರು?”

“ನಾನು ಮುಖ ತೊಳ್ಕೊಂಡೆ ಅಪ್ಪ,” ಎನ್ನುತ್ತಿದ್ದಳು ಮಗಳು.

“ಹನ್ನೊಂದು ಗ್ರಾಂ ಹಿಡಿಯೋ ಮುಖಾನಾ ಅದು?”

“ನಿನ್ನದಕ್ಕಿಂತ ಚಿಕ್ಕದೇ ಕಣೋ,” ಎಂದು ಒಳಗಿನಿಂದ ಅವನ ತಾಯಿ ಕೂಗುತ್ತಿದ್ದಳು. “ಅವಳನ್ನ ಬಿಡು. ನಾನೂ ಬೆನ್ನು ಉಜ್ಜಿಕೊಂಡಿದೀನಿ. ಬರ್ಕೋ.”

ಅವನು ಬರೆದುಕೊಳ್ಳುತ್ತಿದ್ದ. ಹೀಗೆ ಬರೆದೂ ಬರೆದೂ ಕೊನೆಗೆ ಒಂದು ಸತ್ಯ ಅವನಿಗೆ ಗೋಚರವಾಗಿತ್ತು. ಒಬ್ಬ ಮನುಷ್ಯ ಒಂದು ಸೋಪನ್ನು ಇಪ್ಪತ್ತು ದಿನದಲ್ಲಿ ಮುಗಿಸುತ್ತಾನೆ. ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ ಆರು ಸೋಪು. ನಾನೂರ ಮೂವತ್ತೆರಡೆಂದರೆ ಸರಿಯಾಗಿ ಆರು ವರ್ಷಕ್ಕೆ.

ಅಂಗಡಿಯಲ್ಲಿ ನಿಂತು ಅವನು ತನ್ನ ಶಾಸ್ತ್ರದ ಪ್ರಶ್ನೆಗಳನ್ನೆಲ್ಲ ಕೇಳಿಕೊಂಡಿದ್ದ. ಬಳಕೆಯಾಗುವ ವಸ್ತುವೇ? ಹೌದು. ಮುಂದೆ ಇದಕ್ಕಿಂತ ಅಗ್ಗಕ್ಕೆ ಸಿಕ್ಕೀತೇ? ಇಲ್ಲ. ಕೆಡುತ್ತದೆಯೇ? ಸೋಪು ಏನು ಕೆಡುತ್ತದೆ? ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆ ಒಂದೇ, ಎಲ್ಲಿ ಇಡುವುದು ಎಂಬುದು. ಅದು ಅವನ ತಪ್ಪಲ್ಲ. ಇಲಾಖೆ ಅವನಿಗೆ ಕೆಲಸ ಕೊಟ್ಟಾಗ ಗೋದಾಮನ್ನೂ ಜೊತೆಗೇ ಕೊಟ್ಟಿತ್ತು. ಇಪ್ಪತ್ತೆರಡು ವರ್ಷದಲ್ಲಿ ಜಾಗದ ಬಗ್ಗೆ ಯೋಚಿಸುವ ಸಂದರ್ಭವೇ ಅವನಿಗೆ ಬಂದಿರಲಿಲ್ಲ.

“ಚಿಕ್ಕ ರೂಮು ಖಾಲಿ ಇದೆಯಲ್ಲ,” ಎಂದ ಅವನು, ಮೊದಲ ಪೆಟ್ಟಿಗೆ ಎತ್ತುತ್ತ.

ಹೆಂಡತಿಯ ಕೈಯ ಸೌಟು ನಿಧಾನವಾಗಿ ಕೆಳಗಿಳಿಯಿತು.

ಚಿಕ್ಕ ರೂಮು ತಾನಾಗಿ ಖಾಲಿಯಾಗಿರಲಿಲ್ಲ. ಅವಳು ಹದಿನೈದು ದಿನ ಕೂತು ಖಾಲಿ ಮಾಡಿದ್ದಳು. ಹಳೆಯ ಪೇಪರು ತೂಕಕ್ಕೆ ಹಾಕಿ, ಮುರಿದ ಕುರ್ಚಿ ಹೊರಗೆ ಎಸೆದು, ಸ್ಟೂಲು ಹತ್ತಿ ತಾನೇ ಸುಣ್ಣ ಬಳಿದಿದ್ದಳು. ಶುಕ್ರವಾರ ಅವಳ ಹೊಲಿಗೆ ಮಷೀನು ಬರುವುದಿತ್ತು, ಮೋಟಾರಿನದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಹೆಡ್‌ಮಿಸ್ಟ್ರೆಸ್ ಖುದ್ದಾಗಿ ಬಂದು ಜಾಗ ನೋಡಿ, ಅರವತ್ತು ಯೂನಿಫಾರ್ಮಿನ ಆರ್ಡರು ಕೊಡುವವರಿದ್ದರು. ಅದೇ ಆರ್ಡರಿಗೆ ಮೂಲೆಯ ಟೈಲರು ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಕಾಯುತ್ತಿದ್ದ.

“ಭಾನುವಾರ ಹತ್ತು ಗಂಟೆಗೆ ಆ ರೂಮು ಖಾಲಿ ಇರಬೇಕು,” ಎಂದಳು ಅವಳು. ದನಿ ಏರಿಸಲಿಲ್ಲ. ಏರಿಸದಿದ್ದಾಗಲೇ ಅವನಿಗೆ ಹೆಚ್ಚು ಭಯ. “ಇಲ್ಲಾಂದ್ರೆ ಆರ್ಡರು ಟೈಲರ್‌ಗೆ ಹೋಗತ್ತೆ. ಆಮೇಲೆ ಆರು ವರ್ಷ ನೀವು ಸೋಪಿನ ಜೊತೆ ಮಾತಾಡ್ಕೊಂಡಿರಿ.”

“ಭಾನುವಾರಕ್ಕೆ ಇನ್ನೂ ಐದು ದಿನ ಇದೆ ಕಣೇ.”

“ಅಪ್ಪ,” ಎಂದಳು ಮಗಳು, ಒಂದು ಟೂತ್‌ಪೇಸ್ಟನ್ನು ಬೆಳಕಿಗೆ ಹಿಡಿದು. “ಇದು ಎರಡು ವರ್ಷಕ್ಕೆ ಎಕ್ಸ್‌ಪೈರ್ ಆಗತ್ತೆ. ನೀವು ನಾಲ್ಕು ವರ್ಷಕ್ಕಾಗೋಷ್ಟು ತಂದಿದೀರಾ.”

ಸ್ಟೋರ್‌ಕೀಪರ್ ಅದನ್ನು ಕಸಿದುಕೊಂಡು ತಾನೇ ತಾರೀಖು ನೋಡಿದ. ಆಮೇಲೆ ಶಾಸ್ತ್ರ ಅವನ ಕೈ ಹಿಡಿಯಿತು.

“ಇವತ್ತಿಂದ ಎಲ್ಲರೂ ಎರಡು ಹೊತ್ತು ಹಲ್ಲುಜ್ಜಬೇಕು.”

“ನನಗಿರೋದೇ ಐದು ಹಲ್ಲು,” ಎಂದಳು ತಾಯಿ.

ಇಷ್ಟರಲ್ಲಿ ಎದುರು ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು ತಮ್ಮ ಜಗಲಿಯಿಂದ ಎದ್ದು ನಿಂತಿದ್ದರು. ಟೆಂಪೊ ಬಂದು ನಿಂತ ಕ್ಷಣದಿಂದ ಅವರೂ ಪೆಟ್ಟಿಗೆ ಎಣಿಸುತ್ತಿದ್ದರು. ಕೆಲಸದಲ್ಲಿದ್ದಾಗ ಊರಿನವರ ಕಾಗದಗಳನ್ನೆಲ್ಲ ಮುಚ್ಚಿದ ಲಕೋಟೆಯಲ್ಲೇ ನೋಡಬೇಕಾಗಿ ಬಂದಿದ್ದ ಅವರಿಗೆ, ಈಗ ತೆರೆದ ಬಾಗಿಲು ಕಂಡರೆ ಬಿಡಲಾಗುತ್ತಿರಲಿಲ್ಲ.

“ಏನು ಸ್ವಾಮಿ, ಅಂಗಡಿ ಹಾಕ್ತಿದೀರಾ?”

“ಇಲ್ಲ ಸಾರ್. ಮನೆ ಬಳಕೆಗೆ.”

“ಮನೆ ಬಳಕೆಗೆ ಇಷ್ಟು ಸೋಪಾ? ಏನು ವಿಷಯ?”

ಇಲ್ಲಿ ಸ್ಟೋರ್‌ಕೀಪರ್ ಅರ್ಧ ಬೆಲೆಗೆ ಸಿಕ್ಕಿತು ಸಾರ್, ಆಸೆ ಬಿದ್ದು ತಂದೆ ಎಂದುಬಿಟ್ಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿಯ ಎದುರು ಈಗಷ್ಟೇ ಕುಗ್ಗಿದ ಮನುಷ್ಯ ನೆರೆಯವನ ಎದುರು ಒಂದು ಗೇಣು ಉಬ್ಬಿಕೊಳ್ಳುವುದು ಸಹಜ.

“ಸ್ವಲ್ಪ ಮುಂದಾಲೋಚನೆ ಸಾರ್,” ಎಂದು ಮುಗುಳ್ನಕ್ಕ. “ಇಲಾಖೆಯಲ್ಲಿ ಇರೋರಿಗೆ ಕೆಲವು ವಿಷಯ ಗೊತ್ತಿರತ್ತೆ. ಎಲ್ಲಾ ಬಿಡಿಸಿ ಹೇಳೋಕಾಗಲ್ಲ.”

ಅವನು ಹೇಳಿದ್ದು ದಾಸ್ತಾನು ಶಾಸ್ತ್ರದ ಬಗ್ಗೆ. ಪೋಸ್ಟ್‌ಮಾಸ್ಟರು ಒಂದು ಸಲ ಆ ಪೆಟ್ಟಿಗೆಗಳನ್ನು ನೋಡಿದರು. ಆಮೇಲೆ ಬೀದಿಯ ನಲ್ಲಿಯನ್ನು ನೋಡಿದರು. ಮತ್ತೆ ಸ್ಟೋರ್‌ಕೀಪರನ ಮುಖ ನೋಡಿದರು.

“ನೀರಿನ ಇಲಾಖೆ,” ಎಂದು ಮೆಲ್ಲಗೆ ತಮ್ಮಷ್ಟಕ್ಕೆ ಹೇಳಿಕೊಂಡು ಒಳಗೆ ಹೋದರು.

ಬುಧವಾರ ಬೆಳಿಗ್ಗೆ ಸ್ಟೋರ್‌ಕೀಪರ್ ಒಂದಷ್ಟು ಪೆಟ್ಟಿಗೆ ವಾಪಸು ಕೊಡೋಣವೆಂದು ಅಂಗಡಿಗೆ ಹೋದ. ಅಂಗಡಿಯವನು ಮಾತಿಗೆ ತಪ್ಪದವನು. ಬೇರೆ ಊರಿಗೆ ಹೋಗುತ್ತೇನೆ ಎಂದಿದ್ದ, ಹೋಗಿಬಿಟ್ಟಿದ್ದ. ಉಳಿದ ದಾರಿಯೆಂದರೆ ತಂದ ಬೆಲೆಗೇ ಅಕ್ಕಪಕ್ಕದವರಿಗೆ ಹಂಚುವುದು. ಮಹಡಿ ಮೇಲೆ ಒಬ್ಬ ನರ್ಸಮ್ಮ ಇದ್ದರು, ಆಸ್ಪತ್ರೆಯಿಂದ ಬಂದ ಮೇಲೂ ಬೀದಿಯವರ ನಾಡಿ ಬಿಡದವರು. ಮೊದಲು ಅಲ್ಲಿಗೇ ಹೋದ.

“ಅಮ್ಮಾ, ನಿಮಗೊಂದು ಇಪ್ಪತ್ತು ಸೋಪು ಬೇಕಾಗಬಹುದಾ?”

ನರ್ಸಮ್ಮನ ಕೈಲಿದ್ದ ಟೀ ಲೋಟ ಅಲ್ಲೇ ನಿಂತಿತು. “ಇಪ್ಪತ್ತಾ? ಅಷ್ಟೊಂದು ಕೆಟ್ಟುಹೋಗಿದೆಯಾ?”

“ಏನು ಕೆಟ್ಟಿದೆಯಾ?”

“ಮುಚ್ಚಿಡಬೇಡಿ. ಪೋಸ್ಟ್‌ಮಾಸ್ಟರು ನಿನ್ನೇನೇ ಎಲ್ಲಾ ಹೇಳಿದ್ರು. ಅದಕ್ಕೇ ನೋಡಿ, ಬೆಳಿಗ್ಗೆಯಿಂದ ನನಗೆ ಈ ಮೊಣಕೈ ಹತ್ರ ಒಂಥರಾ ಆಗ್ತಾ ಇದೆ.” ಅವರು ಕೆರೆದುಕೊಂಡರು. “ನಿಮಗೆ?”

“ನನಗೇನೂ ಇಲ್ಲಮ್ಮ.”

“ನೀವು ಸೋಪು ಹಚ್ತಿದೀರಲ್ಲ, ಅದಕ್ಕೆ.”

ನೀರಿಗೇನೂ ಆಗಿಲ್ಲ ಎಂದು ಅವನು ಆಣೆ ಮಾಡಿ ಹೇಳಿದ. ಆಣೆ ಮಾಡುವಷ್ಟು ಗಂಭೀರವೇ ಎಂದು ನರ್ಸಮ್ಮ ಇನ್ನಷ್ಟು ಗಾಬರಿಯಾದರು. ಅವನು ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಇನ್ನೊಂದಕ್ಕೆ ಸೋಪು ಹಿಡಿದು ಹೋದಷ್ಟೂ ಸುದ್ದಿ ಅವನ ಹಿಂದೆಯೇ ಹೋಯಿತು. ನೀರಿನ ಇಲಾಖೆಯವನೇ ಬಾಗಿಲು ಬಾಗಿಲಿಗೆ ಬಂದು ಸೋಪು ಕೊಡುತ್ತಿದ್ದಾನೆ ಎಂದ ಮೇಲೆ ಇನ್ನೇನು ಉಳಿಯಿತು?

ಸೋಪು ಮಾತ್ರ ಯಾರೂ ಕೊಳ್ಳಲಿಲ್ಲ.

“ಇದು ಮಲ್ಲಿಗೆ ವಾಸನೇದು,” ಎಂದು ನರ್ಸಮ್ಮ ಮೂಗಿಗೆ ಹಿಡಿದು ನೋಡಿ ತೀರ್ಪು ಕೊಟ್ಟಿದ್ದರು. “ಇದರಿಂದ ಏನೂ ಆಗಲ್ಲ. ಔಷಧಿ ಸೋಪೇ ಬೇಕು. ಎಲ್ಲಾ ಮೊದಲೇ ಗೊತ್ತಿದ್ದೂ ನೀವು ಇದನ್ನ ತಂದ್ರಲ್ಲ!”

ಸಂಜೆಯ ಹೊತ್ತಿಗೆ ಬೀದಿಗೆ ಬೀದಿಯೇ ಕೆರೆದುಕೊಳ್ಳುತ್ತಿತ್ತು. ಮನುಷ್ಯನ ಚರ್ಮಕ್ಕೂ ಕಿವಿಗೂ ಏನು ಸಂಬಂಧವಿದೆಯೋ ಕಾಣೆ, ಒಬ್ಬರು ಕೆರೆತದ ಮಾತೆತ್ತಿದರೆ ಸಾಕು, ಕೇಳಿದವರ ಬೆನ್ನಿನಲ್ಲಿ ಇರುವೆ ಹರಿಯುತ್ತಿತ್ತು. ಕ್ಷೌರದಂಗಡಿಯಲ್ಲಿ ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ, ಗಿರಾಕಿಯೂ ಕ್ಷೌರಿಕನೂ ಕೈ ಬಿಡುವಿಲ್ಲದೆ ತಂತಮ್ಮನ್ನೇ ಕೆರೆದುಕೊಳ್ಳುತ್ತಿದ್ದರು. ಮೂಲೆಯ ಟೈಲರು ಅಳತೆ ಕಡ್ಡಿಯನ್ನು ಅಂಗಿಯೊಳಗೆ ಇಳಿಬಿಟ್ಟು ಕೂತಿದ್ದ.

ಗುರುವಾರ ಇಂಜಿನಿಯರ್ ಸಾಹೇಬರು ಸ್ಟೋರ್‌ಕೀಪರನನ್ನು ಕರೆಸಿದರು. ಅವರ ಮೇಜಿನ ಮೇಲೆ ಒಂದು ಅರ್ಜಿ ಇತ್ತು. ಅಕ್ಷರ ದುಂಡಗಿತ್ತು. ವಿಳಾಸವನ್ನು ಮೂರು ಕಡೆ ಬರೆದಿತ್ತು. ಪೋಸ್ಟ್‌ಮಾಸ್ಟರದಲ್ಲದೆ ಬೇರೆ ಯಾರದೂ ಆಗಿರಲು ಸಾಧ್ಯವಿರಲಿಲ್ಲ. ಕೆಳಗೆ ಮೂವತ್ತೆಂಟು ಸಹಿ.

“ಕೇಳ್ರೀ,” ಎಂದು ಸಾಹೇಬರು ಓದಿದರು. “‘ನಮ್ಮ ಬೀದಿಯ ನೀರು ಕೆಟ್ಟಿದೆ ಎಂಬುದಕ್ಕೆ ತಮ್ಮ ಇಲಾಖೆಯ ಸ್ಟೋರ್‌ಕೀಪರ್ ಅವರೇ ನಾನೂರ ಮೂವತ್ತೆರಡು ಸೋಪು ಸಂಗ್ರಹಿಸಿರುವುದು ಸಾಕ್ಷಿ.’ ಏನ್ರೀ ಇದು?”

“ಅರ್ಧ ಬೆಲೆ ಇತ್ತು ಸಾರ್.”

“ನಾನು ಬೆಲೆ ಕೇಳಲಿಲ್ಲ. ನೀರಿಗೇನಾಗಿದೆ?”

“ನೀರಿಗೇನೂ ಆಗಿಲ್ಲ ಸಾರ್.”

“ಮತ್ತೆ ಸೋಪ್ಯಾಕೆ?”

“ತಿಂಗಳಿಗೆ ಆರು ಬೇಕಾಗತ್ತೆ ಸಾರ್. ತೂಕ ಮಾಡಿ ನೋಡಿದೀನಿ.”

ಇಂಜಿನಿಯರ್ ಸಾಹೇಬರು ಅರ್ಜಿಯನ್ನು ಮಡಿಸಿದರು. ಮೂವತ್ತೆಂಟು ಸಹಿಗೆ ಉತ್ತರ ಕೊಡಬೇಕಲ್ಲ. ನೀರಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿ, ಎಲ್ಲ ಸರಿಯಿದೆ ಎಂದು ಒಂದು ಕಾಗದ ತರಿಸಿ, ಪೋಸ್ಟ್‌ಮಾಸ್ಟರ ಮುಖಕ್ಕೆ ಹಿಡಿಯೋಣವೆಂದು ತೀರ್ಮಾನಿಸಿದರು.

ಶುಕ್ರವಾರ ಮಧ್ಯಾಹ್ನ ಹೊಲಿಗೆ ಮಷೀನು ಬಂತು. ಚಿಕ್ಕ ರೂಮಿಗೆ ಗಾಳಿಯೂ ನುಗ್ಗುವಂತಿರಲಿಲ್ಲವಾದ್ದರಿಂದ ಮಷೀನು ನಡುಮನೆಯ ದಾರಿಗೇ ಅಡ್ಡ ನಿಂತಿತು. ಅಡುಗೆಮನೆಗೆ ಹೋಗಬೇಕಾದವರು ಅದರ ಕಾಲಿನ ನಡುವೆ ತೂರಿಕೊಂಡು ಹೋಗಬೇಕಾಯಿತು. ಅವನ ತಾಯಿ ಮೂರು ಸಲ ತೂರಿ, ನಾಲ್ಕನೆಯ ಸಲ ಅಲ್ಲೇ ಕೆಳಗೆ ಕೂತುಬಿಟ್ಟಳು.

“ಊಟ ಇಲ್ಲಿಗೇ ತಂದ್ಕೊಡು ಕಣೇ,” ಎಂದಳು ಸೊಸೆಗೆ. “ಇನ್ನು ಆರು ವರ್ಷ ನನಗೆ ಇದೇ ಜಾಗ.”

ಹೆಂಡತಿ ಗಂಡನ ಕಡೆ ತಿರುಗಿದಳು. “ನಾಳೆ ಒಂದೇ ದಿನ ಉಳಿದಿರೋದು.”

“ಏನಾದ್ರೂ ಮಾಡ್ತೀನಿ.”

“ನೀವು ಏನಾದ್ರೂ ಮಾಡಿದ್ದಕ್ಕೇ ಹೀಗಾಗಿರೋದು.”

ಅಷ್ಟರಲ್ಲಿ ಬೀದಿಯಲ್ಲಿ ಗಲಾಟೆ ಕೇಳಿತು. ಬಾಗಿಲು ತೆಗೆದರೆ ಪೋಸ್ಟ್‌ಮಾಸ್ಟರು, ನರ್ಸಮ್ಮ, ಕ್ಷೌರಿಕ ಮತ್ತು ಅವರ ಹಿಂದೆ ಆ ಮೂವತ್ತೆಂಟು ಸಹಿಗಳಲ್ಲಿ ಬಹುಪಾಲು ನಿಂತಿದ್ದವು. ಪರೀಕ್ಷೆಯ ವರದಿ ಬಂದಿತ್ತು. ಬೀದಿಯ ತುದಿಯಲ್ಲಿ ನೀರಿನ ಪೈಪು ಚರಂಡಿಯ ಪಕ್ಕದಲ್ಲೇ ಬಿರುಕು ಬಿಟ್ಟಿತ್ತು. ನೀರು ನಿಜವಾಗಿಯೂ ಕೆಟ್ಟಿತ್ತು.

ಮೈ ಕೆರೆತಕ್ಕೂ ಆ ಬಿರುಕಿಗೂ ಸಂಬಂಧವೇ ಇಲ್ಲ, ಹೊಟ್ಟೆ ಕೆಡಬಹುದು ಅಷ್ಟೇ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬೀದಿ ಅಷ್ಟು ದೂರ ಓದುವ ಮನಃಸ್ಥಿತಿಯಲ್ಲಿರಲಿಲ್ಲ.

“ನಾನು ಹೇಳಲಿಲ್ವಾ?” ಎಂದು ಪೋಸ್ಟ್‌ಮಾಸ್ಟರು ಸ್ಟೋರ್‌ಕೀಪರನ ಹೆಗಲ ಮೇಲೆ ಕೈ ಹಾಕಿ ಜನರ ಕಡೆ ತಿರುಗಿಸಿದರು. “ಇವ್ರಿಗೆ ಮಂಗಳವಾರನೇ ಗೊತ್ತಿತ್ತು. ಇಲಾಖೆಗೆ ಹೆದರಿ ಬಾಯಿ ಬಿಡಲಿಲ್ಲ, ಸೋಪಿನ ಮೂಲಕ ನಮಗೆ ಸೂಚನೆ ಕೊಟ್ರು!”

ಚಪ್ಪಾಳೆ ಬಿತ್ತು. ಕ್ಷೌರಿಕ ಇನ್ನು ಮೇಲೆ ಅವನ ಗಡ್ಡಕ್ಕೆ ದುಡ್ಡು ಮುಟ್ಟುವುದಿಲ್ಲ ಎಂದು ಘೋಷಿಸಿದ. ನರ್ಸಮ್ಮನ ಕಣ್ಣು ತುಂಬಿತ್ತು. ಸ್ಟೋರ್‌ಕೀಪರ್ ಹಾಗೇನಿಲ್ಲ, ಹಾಗೇನಿಲ್ಲ ಎಂದು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ವಾಷರು ಎಣಿಸಿದವನಿಗೆ ಈವರೆಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಆದರೆ ಬೀದಿಗೆ ಹಿತವಾದದ್ದು ಇಲಾಖೆಗೆ ಹಿತವಾಗಬೇಕೆಂದಿಲ್ಲ. ಶನಿವಾರ ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಇಲಾಖೆಯ ವ್ಯಾನಿನಲ್ಲಿ ನೇರ ಅವನ ಮನೆಗೇ ಬಂದರು. ಮಷೀನಿನ ಕೆಳಗೆ ತೂರಿಕೊಂಡು ಒಳಗೆ ಬಂದು, ಮಂಡಿ ಒರೆಸಿಕೊಂಡು ಕುರ್ಚಿಯಲ್ಲಿ ಕೂತರು.

“ಮೇಲಿನಿಂದ ಮೆಮೊ ಬಂದಿದೆ,” ಎಂದರು. “ಎರಡರಲ್ಲಿ ಒಂದು ಹೇಳಿ. ನೀರು ಕೆಟ್ಟಿರೋದು ನಿಮಗೆ ಗೊತ್ತಿತ್ತು, ವರದಿ ಮಾಡಲಿಲ್ಲ. ಹಾಗಾದ್ರೆ ಸಸ್ಪೆನ್ಷನ್. ಇಲ್ಲ, ಗೊತ್ತಿರಲಿಲ್ಲ. ಹಾಗಾದ್ರೆ ನಾಲ್ಕು ಜನರ ಮನೆಗೆ ನಾನೂರ ಮೂವತ್ತೆರಡು ಸೋಪು ಯಾಕೆ ಬಂತು ಅಂತ ಬರೆದುಕೊಡಿ. ನಿಮಗೆ ಗೊತ್ತಿತ್ತು ಅಂತಾದ್ರೆ ನನಗೂ ಗೊತ್ತಿತ್ತು ಅಂತಾಗತ್ತೆ. ನನಗೆ ರಿಟೈರ್ ಆಗೋಕೆ ಇನ್ನು ಎಂಟು ತಿಂಗಳು. ಯೋಚನೆ ಮಾಡಿ ಬರೀರಿ.”

ಸ್ಟೋರ್‌ಕೀಪರ್ ಹೆಮ್ಮೆಯಿಂದ ಒಂದು ಕಂತೆ ತಂದ. ಕೇಳಿಯೇ ಕೇಳುತ್ತಾರೆಂದು ಬೆಳಗಿನ ಜಾವವೇ ಎದ್ದು ಬರೆದಿಟ್ಟಿದ್ದ ಒಂಬತ್ತು ಪುಟಗಳು. ಆರು ತಿಂಗಳ ಸೋಪಿನ ತೂಕ, ಟೂತ್‌ಪೇಸ್ಟಿನ ಗೆರೆ, ತಲೆಗಿಷ್ಟು ಬಳಕೆ, ಸಂಗ್ರಹದ ಗರಿಷ್ಠ ಮಟ್ಟ, ಕನಿಷ್ಠ ಮಟ್ಟ, ಮಗಳ ಮುಖದ ಬಗ್ಗೆ ಪ್ರತ್ಯೇಕವಾಗಿ ಒಂದು ಕೋಷ್ಟಕ.

ಸಾಹೇಬರು ಮೂರು ಪುಟ ಓದಿ ಕನ್ನಡಕ ತೆಗೆದರು.

“ಇದು ಆಗಲ್ಲ. ಇಷ್ಟು ಬುದ್ಧಿ ಇರೋ ಮನುಷ್ಯನಿಗೆ ನೀರಿನ ವಿಷಯ ಗೊತ್ತಿರಲಿಲ್ಲ ಅಂದ್ರೆ ಯಾರು ನಂಬ್ತಾರೆ? ದಡ್ಡತನ ಕಾಣಬೇಕು ಕಣ್ರೀ. ಇದರಲ್ಲಿ ದಡ್ಡತನ ಎಲ್ಲಿದೆ?”

“ಇದೆ ಸಾರ್,” ಎಂದಳು ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು. “ಹುಡುಕಬೇಕು, ಅಷ್ಟೇ. ನಾನು ಹೇಳ್ತೀನಿ, ಅವ್ರು ಬರೀಲಿ. ಕೆಳಗೆ ಸಾಕ್ಷಿ ಅಂತ ನಾನು ಸಹಿ ಹಾಕ್ತೀನಿ.”

“ಬಹಳ ಉಪಕಾರ ಆಯ್ತಮ್ಮ.”

“ಉಪಕಾರ ಅಲ್ಲ. ಆ ರೂಮಲ್ಲಿರೋದೆಲ್ಲ ಈಗಲೇ ನಿಮ್ಮ ವ್ಯಾನಿಗೆ ಹೋಗಬೇಕು.”

“ಇಲಾಖೆ ಸೋಪು ಕೊಂಡುಕೊಳ್ಳೋಕಾಗಲ್ಲಮ್ಮ. ಟೆಂಡರು ಕರೀಬೇಕು, ಮೂರು ಕೊಟೇಷನ್ ಬೇಕು.”

“ಕೊಂಡುಕೊಳ್ಳಿ ಅಂದೆನಾ? ಪೈಪು ರಿಪೇರಿಯವರು ಚರಂಡೀಲಿ ಇಳಿದು ಕೆಲಸ ಮಾಡ್ತಿದಾರೆ. ಪಾಪ, ಕೈ ತೊಳ್ಕೊಳ್ಳಲಿ. ಹಾಗೇ ತಗೊಂಡು ಹೋಗಿ.”

“ಹಾಗೇನಾ?” ಎಂದು ಸ್ಟೋರ್‌ಕೀಪರ್ ಕುರ್ಚಿಯಿಂದ ಎದ್ದ.

“ನೀವು ಕೂತ್ಕೊಳ್ರೀ. ಅಥವಾ ನಾನು ಸಾಹೇಬರಿಗೆ ಬೇರೆ ಥರ ಹೇಳ್ಲಾ? ನಮ್ಮನೆಯವರಿಗೆ ಎಲ್ಲಾ ಮೊದಲೇ ಗೊತ್ತಿತ್ತು ಅಂತ?”

ಸಾಹೇಬರು ಗಾಬರಿಯಿಂದ ಡ್ರೈವರನ್ನು ಕೂಗಿದರು. ಸ್ಟೋರ್‌ಕೀಪರ್ ಕೂತ.

ಹೆಂಡತಿ ಹೇಳಿದ್ದು ಮೂರೇ ವಾಕ್ಯ. ಅವನು ಕಾರ್ಬನ್ ಇಟ್ಟು ಬರೆದ, ಸಹಿ ಹಾಕಿದ. ಸಾಹೇಬರು ಓದಿದರು, ಅವರ ಮುಖ ಅರಳಿತು. ಇಡೀ ಸೇವಾವಧಿಯಲ್ಲಿ ಇಷ್ಟು ಸರಳವಾಗಿ ಅರ್ಥವಾಗುವ ವಿವರಣೆ ನೋಡಿರಲಿಲ್ಲ ಎಂದರು. ಪೆಟ್ಟಿಗೆಗಳು ಒಂದೊಂದಾಗಿ ಮಷೀನಿನ ಕೆಳಗೆ ತೂರಿ ವ್ಯಾನು ಸೇರಿದವು. ಅವು ಹೋಗಿದ್ದು ಇಲಾಖೆಯ ಗೋದಾಮಿಗೆ. ಸರಕು ತಲುಪಿದೆ ಎಂದು ಅಲ್ಲಿ ಸಹಿ ಹಾಕಬೇಕಾದವನು ಸ್ಟೋರ್‌ಕೀಪರೇ ಆದ್ದರಿಂದ ಅವನೂ ವ್ಯಾನಿನಲ್ಲೇ ಹೋದ. ತನ್ನದೇ ಸೋಪನ್ನು ತಾನೇ ಎಣಿಸಿ, ತನ್ನಿಂದಲೇ ಬಂತೆಂದು ತಾನೇ ಬರೆದುಕೊಂಡ. ಒಂದು ಕಡಿಮೆ ಇತ್ತು. ಅದು ಮನೆಯ ಬಚ್ಚಲಲ್ಲಿತ್ತು.

ಭಾನುವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಹೆಡ್‌ಮಿಸ್ಟ್ರೆಸ್ ಬಂದರು. ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲಿ ಕೊಡೆ, ಕಂಕುಳಲ್ಲಿ ಮಕ್ಕಳ ಅಳತೆಗಳ ಕಟ್ಟು. ಯಾರ ಮನೆಗೆ ಯಾರು ಬಂದರು ಎಂದು ನೋಡಲು ಪೋಸ್ಟ್‌ಮಾಸ್ಟರೂ ನರ್ಸಮ್ಮನೂ ತಾವಾಗಿಯೇ ಹಿಂದೆ ಬಂದು ಹೊಸಿಲಲ್ಲಿ ನಿಂತರು. ಚಿಕ್ಕ ರೂಮು ತೊಳೆದು ಥಳಥಳಿಸುತ್ತಿತ್ತು. ಕಿಟಕಿಯ ಬಳಿ ಮಷೀನು. ಹೆಡ್‌ಮಿಸ್ಟ್ರೆಸ್ ಒಂದು ತುಂಡು ಬಟ್ಟೆ ಕೊಟ್ಟು ಹೊಲಿಸಿ, ಹೊಲಿಗೆಯನ್ನು ಎರಡೂ ಕಡೆಯಿಂದ ಎಳೆದು ನೋಡಿದರು. ಬಿಡಲಿಲ್ಲ.

“ಕೆಲಸ ಚೆನ್ನಾಗಿದೆ,” ಎಂದರು. ಅಳತೆಯ ಕಟ್ಟು ಮಾತ್ರ ಕಂಕುಳಿನಿಂದ ಕೆಳಗಿಳಿಯಲಿಲ್ಲ. “ಆದರೆ ಒಂದು ವಿಷಯ ಕೇಳಿದೆ. ನೀರು ಕೆಟ್ಟಿರೋದು ನಿಮ್ಮ ಯಜಮಾನರಿಗೆ ಮೊದಲೇ ಗೊತ್ತಿತ್ತಂತೆ.”

“ಅವ್ರಿಗೆ ಏನೂ ಗೊತ್ತಿರಲಿಲ್ಲ ಮೇಡಂ,” ಎಂದಳು ಹೆಂಡತಿ.

“ಅಯ್ಯೋ, ಎಲ್ಲಾ ಗೊತ್ತಿತ್ತು!” ಎಂದು ಪೋಸ್ಟ್‌ಮಾಸ್ಟರು ಹೊಸಿಲಿನಿಂದಲೇ ಅಭಿಮಾನದಿಂದ ಕೂಗಿದರು. ಮುಂದೆ ಬಂದು ಸ್ಟೋರ್‌ಕೀಪರನ ಹೆಗಲ ಮೇಲೆ ಕೈಯಿಟ್ಟರು. “ಮಂಗಳವಾರನೇ ಗೊತ್ತಿತ್ತು ಮೇಡಂ. ನಾನೇ ಸಾಕ್ಷಿ.”

“ಅದೇ ಹೇಳ್ತಿರೋದು,” ಎಂದರು ಹೆಡ್‌ಮಿಸ್ಟ್ರೆಸ್. “ನಮ್ಮ ಶಾಲೆಗೂ ಅದೇ ಪೈಪಿನ ನೀರು. ಮುನ್ನೂರು ಮಕ್ಕಳು ಕುಡೀತಿದ್ರು. ಇವರು ತಮ್ಮ ಮನೆಗೆ ಬೇಕಾದ್ದು ತಂದಿಟ್ಕೊಂಡು ಸುಮ್ಮನಿದ್ರು. ಅಂಥ ಮನೇಲಿ ಆ ಮಕ್ಕಳ ಬಟ್ಟೆ ನಾನು ಹೊಲಿಸೋದು ಹ್ಯಾಗಮ್ಮ? ಬೇಜಾರು ಮಾಡ್ಕೋಬೇಡಿ. ಟೈಲರ್‌ಗೆ ಹೇಳ್ತೀನಿ.”

“ಮೇಡಂ, ನನ್ನ ಮಾತು ನಂಬಿ...”

“ಹೆಂಡತಿ ಇನ್ನೇನು ಹೇಳ್ತಾಳಮ್ಮ?”

ಅವರು ಕೊಡೆ ಎತ್ತಿಕೊಂಡರು. ಹೆಂಡತಿ ಮಷೀನಿನ ಮೇಲಿನ ಕೈ ತೆಗೆಯಲಿಲ್ಲ, ಗಂಡನ ಕಡೆ ನೋಡಲೂ ಇಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಳು.

ಸ್ಟೋರ್‌ಕೀಪರ್ ಪೋಸ್ಟ್‌ಮಾಸ್ಟರ ಕೈಯನ್ನು ಹೆಗಲಿನಿಂದ ಮೆಲ್ಲಗೆ ತೆಗೆದ. ಒಳಗೆ ಹೋದ. ಬೀರುವಿನಲ್ಲಿ ಅಂಗಿಗಳ ಅಡಿ ಅಡಗಿಸಿಟ್ಟಿದ್ದ ಕಾರ್ಬನ್ ಪ್ರತಿ ತಂದ.

“ಮೇಡಂ, ಒಂದು ನಿಮಿಷ. ಇದು ನಾನು ಇಲಾಖೆಗೆ ಬರೆದುಕೊಟ್ಟ ಹೇಳಿಕೆ.”

“ಕನ್ನಡಕ ಮನೇಲಿ ಬಿಟ್ಟು ಬಂದಿದೀನಿ. ನೀವೇ ಓದಿ.”

ಅವನು ಒಂದು ಸಲ ಹೊಸಿಲ ಕಡೆ ನೋಡಿದ. ಅಲ್ಲಿ ಈಗ ಕ್ಷೌರಿಕನೂ ಬಂದು ಸೇರಿದ್ದ. ಗಂಟಲು ಸರಿ ಮಾಡಿಕೊಂಡು ಓದಿದ.

“‘ಕೆಳಗೆ ಸಹಿ ಮಾಡಿದ ನಾನು ಈ ಮೂಲಕ ತಿಳಿಸುವುದೇನೆಂದರೆ, ನೀರಿನ ಪೈಪು ಬಿರುಕು ಬಿಟ್ಟಿದ್ದಾಗಲಿ, ನೀರು ಕೆಟ್ಟಿದ್ದಾಗಲಿ ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಸದರಿ ಸೋಪುಗಳನ್ನು ಅರ್ಧ ಬೆಲೆ ಎಂಬ ಬೋರ್ಡು ಕಂಡ ಮಾತ್ರಕ್ಕೆ, ಇಡಲು ಜಾಗವಿದೆಯೇ ಎಂದೂ ನೋಡದೆ ಕೊಂಡೆನು. ನೆರೆಯವರ ಬಳಿ ಇಲಾಖೆಯ ಗುಟ್ಟು ಗೊತ್ತಿರುವವನಂತೆ ಮಾತನಾಡಿದ್ದು ಬರೀ ಜಂಬಕ್ಕೆ.’”

ಇಲ್ಲಿ ಅವನು ನಿಂತ. ಕಾಗದವನ್ನು ಇನ್ನೂ ಸ್ವಲ್ಪ ಹತ್ತಿರ ಹಿಡಿದ.

“‘ಹೆಂಡತಿಯನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದಳು. ಅದು ಗೊತ್ತಿದ್ದೇ ಕೇಳಲಿಲ್ಲ.’”

ಪೋಸ್ಟ್‌ಮಾಸ್ಟರು ಹೆಗಲ ಮೇಲೆ ಇಟ್ಟಿದ್ದ ತಮ್ಮ ಕೈಯನ್ನೇ ನೋಡಿಕೊಂಡರು. ಕ್ಷೌರಿಕ ಗಡ್ಡದ ವಿಷಯ ಮರುಪರಿಶೀಲಿಸುವವನಂತೆ ಗಲ್ಲ ಸವರಿಕೊಂಡ.

“ಹಾಗಾದ್ರೆ ನನ್ನ ಕೆರೆತ?” ಎಂದರು ನರ್ಸಮ್ಮ, ಅನ್ಯಾಯವಾದವರ ದನಿಯಲ್ಲಿ.

ಹೆಡ್‌ಮಿಸ್ಟ್ರೆಸ್ ಮುಖದಲ್ಲಿ ಏನೋ ಅಲುಗಾಡಿತು. ಶಾಲೆಯಲ್ಲಿ ನಗಬಾರದ ಕಡೆಯಲ್ಲೆಲ್ಲ ನಗು ತಡೆದು ಅಭ್ಯಾಸವಿದ್ದವರು, ತಡೆದುಕೊಂಡರು.

“ಸಹಿ ನಿಮ್ಮದೇನಾ?”

“ನಂದೇ ಮೇಡಂ. ಕೆಳಗೆ ಸಾಕ್ಷಿ ಇವಳದ್ದು.”

“ಇಂಥಾದ್ದನ್ನ ಯಾರೂ ಸುಳ್ಳು ಬರೆಯಲ್ಲ,” ಎಂದರು ಅವರು. ಕಂಕುಳಿನ ಕಟ್ಟು ತೆಗೆದು ಮಷೀನಿನ ಮೇಲಿಟ್ಟರು. “ಅರವತ್ತಮ್ಮ. ತಿಂಗಳ ಕೊನೆಗೆ ಬೇಕು. ಎಲ್ಲರಿಗೂ ತೋಳು ಒಂದು ಬೆರಳು ಉದ್ದ ಬಿಡಿ.”

ಅವರು ಹೋದರು. ಹೊಸಿಲಿನಲ್ಲಿದ್ದವರೂ ಒಬ್ಬೊಬ್ಬರಾಗಿ ಹೋದರು, ಹೋಗುವಾಗ ಯಾರೂ ಸ್ಟೋರ್‌ಕೀಪರನಿಗೆ ಹೇಳಿ ಹೋಗಲಿಲ್ಲ. ಬೀದಿಯಲ್ಲಿ ಪೋಸ್ಟ್‌ಮಾಸ್ಟರ ದನಿ ಸ್ವಲ್ಪ ದೂರದವರೆಗೂ ಕೇಳುತ್ತಿತ್ತು. ತಮಗೆ ಮೊದಲ ದಿನವೇ ಅನುಮಾನವಿತ್ತು ಎಂದು ಅವರು ಯಾರಿಗೋ ವಿವರಿಸುತ್ತಿದ್ದರು.

ಹೆಂಡತಿ ಕಟ್ಟು ಬಿಚ್ಚಿ ಮೊದಲನೆಯ ಅಳತೆ ತೆಗೆದಳು. ಮಷೀನಿಗೆ ದಾರ ಪೋಣಿಸುತ್ತ, ತಲೆಯೆತ್ತದೆ ಹೇಳಿದಳು.

“ರೀ, ಆ ಕೊನೇ ಮಾತು ನಾನು ಬರೆಸಿರಲಿಲ್ಲ.”

ಸ್ಟೋರ್‌ಕೀಪರ್ ಕಾಗದವನ್ನು ನಾಲ್ಕಾಗಿ ಮಡಿಸಿದ.

“ಆಫೀಸಿನ ಕಾಪೀಲಿ ಅದಿಲ್ಲ,” ಎಂದ. “ಇದು ಮನೆ ಕಾಪಿ.”

ಅವಳು ಸೂಜಿಯ ಕಣ್ಣಿನಲ್ಲಿ ದಾರ ಎಳೆದು, ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು.

“ಬಾಗಿಲಿಗೆ ಅಡ್ಡ ನಿಲ್ಬೇಡಿ. ಬೆಳಕು ಬರ್ಲಿ,” ಎಂದಳು. ಮೋಟಾರು ಗುಂಯ್ ಎಂದು ಶುರುವಾಯಿತು.